ಯಂತ್ರಶಿಲ್ಪಿ ವಾಲ್ಟರ್ ಓವನ್ ಬೆಂಟ್ಲಿ (1888–1971)

ಕಾರಹುಣ್ಣಿಮೆಯ ಸಂಜೆ ನಮ್ಮ ಹಳ್ಳಿಗಳಲ್ಲಿ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಓಡಿಸಿ ಕರಿ ಹರಿಯುವ ಪದ್ಧತಿ ಓದುಗರೆಲ್ಲರಿಗೂ ತಿಳಿದುದೇ ಆಗಿದೆ. ಅಂದು ಕರಿ ಹರಿದು ಊರವರ ಮೆಚ್ಚುಗೆ ಪಡೆದ ಎತ್ತು ಮರುದಿನ ಎಂದಿನಂತೆ ನೊಗಕ್ಕೆ ಹೆಗಲು ಕೊಡುತ್ತದೆ. ಕೇವಲ ಓಟದ ಪಂದ್ಯಕ್ಕೆಂದೇ ಸಾಕಿದ ಎತ್ತುಗಳೂ ಉಂಟು. ಅವುಗಳ ಮೇವು ಬೇರೆ, ಆರೈಕೆ ಬೇರೆ. ಅವುಗಳನ್ನು ನೇಗಿಲಿಗೆ ಹೂಡುವ ಸಾಹಸವನ್ನು ಯಾವ ರೈತನೂ ಮಾಡಲಾರನು. ಮೋಟಾರು ಎಂಜಿನ್ನುಗಳ ಲೋಕದಲ್ಲಿಯೂ ಹೀಗೆಯೇ ಎರಡು ಕುಲಗಳಿವೆ. ಪಂದ್ಯಕ್ಕೆಂದು ರಚಿತವಾದ ಎಂಜಿನ್ ಒಂದು. ಸಾಮಾನ್ಯ ಗ್ರಾಹಕನ ನಿತ್ಯದ ಪ್ರಯಾಣಕ್ಕೆಂದು ಕಾರ್ಖಾನೆಯಿಂದ ಹೊರಬೀಳುವ ಎಂಜಿನ್ ಇನ್ನೊಂದು. ಇವೆರಡರ ನಡುವಣ ಅಂತರವು ಆದಷ್ಟು ಕಿರಿದಾಗಿರಬೇಕೆಂದು ನಂಬಿ, ಆ ನಂಬಿಕೆಗಾಗಿ ದುಡಿದು, ಗೆದ್ದು, ಕೊನೆಗೆ ತಮ್ಮ ಹೆಸರನ್ನೇ ಕಳೆದುಕೊಂಡ ಮಹನೀಯರೊಬ್ಬರ ಜೀವನವನ್ನು ಈ ಸಂಚಿಕೆಯ ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಬಾಲ್ಯ ಮತ್ತು ಶಿಷ್ಯವೃತ್ತಿ

ವಾಲ್ಟರ್ ಓವನ್ ಬೆಂಟ್ಲಿಯವರು 1888ನೆಯ ಇಸವಿಯ ಸೆಪ್ಟೆಂಬರ್ 16ರಂದು ಲಂಡನ್ ನಗರದ ಹ್ಯಾಂಪ್‌ಸ್ಟೆಡ್‌ನಲ್ಲಿ ಜನಿಸಿದರು. ಒಂಬತ್ತು ಮಕ್ಕಳ ಸಂಸಾರದಲ್ಲಿ ಅವರೇ ಕಿರಿಯರು. ಬ್ರಿಸ್ಟಲ್ಲಿನ ಕ್ಲಿಫ್ಟನ್ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮಾಡಿದರು. ಆದರೆ ಬಾಲಕನ ಮನಸ್ಸು ಪುಸ್ತಕಕ್ಕಿಂತ ಉಗಿಬಂಡಿಯ ಕಡೆಗೇ ಹೆಚ್ಚಾಗಿ ಹರಿಯುತ್ತಿದ್ದಿತು. ತತ್ಫಲವಾಗಿ ಹದಿನಾರರ ವಯಸ್ಸಿನಲ್ಲಿಯೇ ಡಾನ್‌ಕಾಸ್ಟರ್ ಎಂಬಲ್ಲಿದ್ದ ಗ್ರೇಟ್ ನಾರ್ದರ್ನ್ ರೈಲ್ವೆಯ ಕಾರ್ಖಾನೆಗೆ ಶಿಷ್ಯರಾಗಿ ಸೇರಿದರು. ಅಲ್ಲಿ ಐದು ವರ್ಷಗಳ ಕಾಲ ಎರಕದ ಮನೆ, ಕಮ್ಮಾರಸಾಲೆ, ಜೋಡಣೆಯ ಶಾಲೆಗಳಲ್ಲಿ ಕೈ ಮಸಿಮಾಡಿಕೊಂಡು ಕಲಿತರು. ಉಗಿಬಂಡಿಯ ಒಲೆಗೆ ಕಲ್ಲಿದ್ದಲು ಎರಚುವ ಕೆಲಸವನ್ನೂ ಮಾಡಿದರು. ನೂರಾರು ಪ್ರಯಾಣಿಕರ ಹೊಣೆ ಹೊತ್ತು ಹಗಲಿರುಳೆನ್ನದೆ ಓಡುವ ಯಂತ್ರವು ನಡುದಾರಿಯಲ್ಲಿ ಕೈಕೊಡಕೂಡದು ಎಂಬ ರೈಲ್ವೆಯ ಶಿಸ್ತು ಅವರ ರಕ್ತಗತವಾಯಿತು. ಮುಂದೆ ಅವರು ರಚಿಸಿದ ಪ್ರತಿಯೊಂದು ಎಂಜಿನ್ನಿನಲ್ಲಿಯೂ ಈ ಶಿಸ್ತಿನ ಮುದ್ರೆಯನ್ನು ಕಾಣಬಹುದು.

ಯೌವನದಲ್ಲಿ ಅವರು ಮೋಟಾರು ಸೈಕಲ್ ಪಂದ್ಯಗಳಲ್ಲಿ ಭಾಗವಹಿಸಿದರು. 1909 ಮತ್ತು 1910ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಟಿ.ಟಿ. ಪಂದ್ಯದಲ್ಲಿಯೂ ಓಡಿಸಿದರು. ಬಳಿಕ ಲಂಡನ್ನಿನ ಬಾಡಿಗೆ ಮೋಟಾರುಗಳ ಕಂಪನಿಯೊಂದರಲ್ಲಿ ನೂರಾರು ಕಾರುಗಳ ಮೇಲ್ವಿಚಾರಣೆಯ ಕೆಲಸ ದೊರೆಯಿತು. ಒಂದೆಡೆ ಪಂದ್ಯದ ಯಂತ್ರ, ಮತ್ತೊಂದೆಡೆ ದಿನವಿಡೀ ಬೀದಿ ಸುತ್ತುವ ಬಾಡಿಗೆ ಗಾಡಿ — ಹೀಗೆ ಎರಡು ಕುಲಗಳ ಯಂತ್ರಗಳನ್ನೂ ಅವರು ಎಳೆಯ ವಯಸ್ಸಿನಲ್ಲಿಯೇ ಸಮೀಪದಿಂದ ಕಂಡರು.

ಎರಡು ಎಂಜಿನ್ನುಗಳ ಭೇದ

ಮುಂದಿನ ಕಥೆಯನ್ನು ತಿಳಿಯಬೇಕಾದರೆ ಈ ಭೇದದ ಸ್ವರೂಪವನ್ನು ಸ್ಥೂಲವಾಗಿಯಾದರೂ ಅರಿಯುವುದು ಅವಶ್ಯ. ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಮೇಲಕ್ಕೇರಿದಾಗ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಒತ್ತಲ್ಪಡುತ್ತದೆ. ಕಿಡಿ ತಾಗಿ ಉರಿದು, ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಶಕ್ತಿ ಹೆಚ್ಚು. ಆದರೆ ಒಂದು ಮಿತಿಯನ್ನು ಮೀರಿದರೆ ಸಾಧಾರಣ ಪೆಟ್ರೋಲು ಸಿಡಿದಂತೆ ಉರಿದು, ಎಂಜಿನ್ ಬಡಿದುಕೊಳ್ಳಲಾರಂಭಿಸುತ್ತದೆ. ಆದುದರಿಂದ ಹಿಂದಿನ ಕಾಲದಲ್ಲಿ ಪಂದ್ಯದ ಎಂಜಿನ್ನಿಗೆ ಒತ್ತಡವನ್ನು ಹೆಚ್ಚಿಸಿ, ಬೆನ್‌ಜೋಲ್ ಬೆರೆಸಿದ ಇಂಧನವನ್ನು ಬಳಸುತ್ತಿದ್ದರು. ಗ್ರಾಹಕನ ಎಂಜಿನ್ನಿಗೆ ಕಡಿಮೆ ಒತ್ತಡವೇ ಕ್ಷೇಮಕರವಾಗಿದ್ದಿತು. ಅವನಿಗೆ ಊರೂರಿನಲ್ಲಿ ಸಿಕ್ಕುವ ಪೆಟ್ರೋಲೇ ಗತಿ.

ಎರಡನೆಯ ಭೇದ ಕವಾಟಗಳದು. ಪಂದ್ಯದ ಎಂಜಿನ್ನಿನಲ್ಲಿ ಕವಾಟಗಳು ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆದಿರುತ್ತವೆ. ವೇಗದಲ್ಲಿ ಅದಕ್ಕೆ ಧಾರಾಳವಾಗಿ ಉಸಿರು ದೊರೆಯುತ್ತದೆ. ನಿಧಾನಗತಿಯಲ್ಲಿ ಮಾತ್ರ ತೊದಲುತ್ತದೆ, ನಡುಗುತ್ತದೆ. ಕವಾಟಗಳನ್ನು ಬೇಗನೆ ಮುಚ್ಚಲು ಬಿಗಿಯಾದ ಸ್ಪ್ರಿಂಗುಗಳು ಬೇಕು. ಬಿಗಿ ಹೆಚ್ಚಿದಷ್ಟೂ ಸವೆತವೂ ಹೆಚ್ಚು. ಮೂರನೆಯದು ತೂಕ. ಪಂದ್ಯದ ಎಂಜಿನ್ನಿನ ಪಿಸ್ಟನ್ನುಗಳನ್ನೂ ಅವುಗಳ ದಂಡಗಳನ್ನೂ ಒಂದೊಂದಾಗಿ ತೂಗಿ, ಸಮತೂಕಗೊಳಿಸಿ, ಉಜ್ಜಿ ನಯಮಾಡಿ ಜೋಡಿಸುತ್ತಾರೆ. ನಾಲ್ಕನೆಯದು ಬಿಗಿ–ಸಡಿಲುಗಳ ಲೆಕ್ಕ. ಸತತವಾಗಿ ಕಾದಿರುವ ಯಂತ್ರದಲ್ಲಿ ಲೋಹವು ಹಿಗ್ಗುವುದರಿಂದ ಭಾಗಗಳ ನಡುವೆ ಮೊದಲೇ ಹೆಚ್ಚಿನ ಎಡೆಯನ್ನು ಬಿಟ್ಟಿರಬೇಕು. ಅಂಥ ಎಂಜಿನ್ ತಣ್ಣಗಿರುವಾಗ ಗಲಗಲನೆ ಸದ್ದು ಮಾಡುತ್ತದೆ. ಅದನ್ನು ಯಾವ ಗ್ರಾಹಕನೂ ಸಹಿಸನು. ಒಟ್ಟಿನಲ್ಲಿ ಪಂದ್ಯದ ಎಂಜಿನ್ ಕೆಲವು ಗಂಟೆಗಳ ಪರಾಕ್ರಮಕ್ಕೆ ತನ್ನ ಆಯುಷ್ಯವನ್ನು ಒತ್ತೆಯಿಡುತ್ತದೆ. ರಸ್ತೆಯ ಎಂಜಿನ್ ವರ್ಷಗಟ್ಟಲೆಯ ಬಾಳಿಕೆಗಾಗಿ ಪರಾಕ್ರಮವನ್ನು ತೊರೆಯುತ್ತದೆ.

ಅಲ್ಯೂಮಿನಿಯಂ ಪಿಸ್ಟನ್

1912ರಲ್ಲಿ ಬೆಂಟ್ಲಿಯವರು ತಮ್ಮ ಅಣ್ಣ ಎಚ್. ಎಂ. ಬೆಂಟ್ಲಿಯವರೊಡನೆ ಡಿ.ಎಫ್.ಪಿ. ಎಂಬ ಫ್ರೆಂಚ್ ಕಾರುಗಳನ್ನು ಮಾರುವ ವ್ಯಾಪಾರವನ್ನು ಕೈಗೊಂಡರು. ಕಾರುಗಳ ಹೆಸರು ಜನರಿಗೆ ತಿಳಿಯಬೇಕಾದರೆ ಪಂದ್ಯಗಳಲ್ಲಿ ಗೆಲ್ಲಬೇಕು. ಅದಕ್ಕೆ ಎಂಜಿನ್ನಿನ ಶಕ್ತಿ ಸಾಲದು. ಈ ಚಿಂತೆಯಲ್ಲಿಯೇ 1913ರಲ್ಲಿ ಅವರು ಪ್ಯಾರಿಸ್ ಸಮೀಪದ ಡಿ.ಎಫ್.ಪಿ. ಕಾರ್ಖಾನೆಗೆ ಹೋಗಿದ್ದಾಗ, ಮೇಜಿನ ಮೇಲೆ ಕಾಗದಗಳು ಹಾರದಂತೆ ಇಟ್ಟಿದ್ದ ಒಂದು ಪುಟ್ಟ ವಸ್ತು ಅವರ ಕಣ್ಣಿಗೆ ಬಿದ್ದಿತು. ಅದು ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದ ಪಿಸ್ಟನ್ನಿನ ಆಕೃತಿ. ಆ ಕಾಲದಲ್ಲಿ ಪಿಸ್ಟನ್ನುಗಳನ್ನು ಎರಕದ ಕಬ್ಬಿಣದಲ್ಲಿಯೋ ಉಕ್ಕಿನಲ್ಲಿಯೋ ಮಾಡುವುದು ವಾಡಿಕೆ. ಮೃದುವಾದ ಅಲ್ಯೂಮಿನಿಯಂ ಎಂಜಿನ್ನಿನ ಬೆಂಕಿಯಲ್ಲಿ ಕರಗೀತು, ಒಡೆದೀತು ಎಂಬುದು ಬಲ್ಲವರ ಅಭಿಪ್ರಾಯವಾಗಿದ್ದಿತು. ಬೆಂಟ್ಲಿಯವರು ಆ ಅಭಿಪ್ರಾಯವನ್ನು ಪರೀಕ್ಷಿಸಿಯೇ ನೋಡಲು ನಿಶ್ಚಯಿಸಿದರು. ನೂರರಲ್ಲಿ 88 ಪಾಲು ಅಲ್ಯೂಮಿನಿಯಂ, 12 ಪಾಲು ತಾಮ್ರ ಬೆರೆಸಿದ ಮಿಶ್ರಲೋಹದಿಂದ ಪಿಸ್ಟನ್ನುಗಳನ್ನು ಮಾಡಿಸಿದರು.

ಫಲಿತಾಂಶವು ಆಶ್ಚರ್ಯಕರವಾಗಿದ್ದಿತು. ಅಲ್ಯೂಮಿನಿಯಂ ಹಗುರವಾದುದರಿಂದ ಎಂಜಿನ್ ಹೆಚ್ಚು ವೇಗವಾಗಿ ತಿರುಗಬಲ್ಲುದಾಯಿತು. ಶಾಖವನ್ನು ಅದು ಕಬ್ಬಿಣಕ್ಕಿಂತ ಬಹು ಬೇಗನೆ ಹೊರಸಾಗಿಸುವುದರಿಂದ ಪಿಸ್ಟನ್ನಿನ ತಲೆ ಸುಡಲಿಲ್ಲ. ಒತ್ತಡವನ್ನು ಹೆಚ್ಚಿಸುವುದು ಸಾಧ್ಯವಾಯಿತು. ಬ್ರೂಕ್‌ಲ್ಯಾಂಡ್ಸ್ ಓಟದ ಮೈದಾನದಲ್ಲಿ ಆ ಪುಟ್ಟ ಕಾರು ತನ್ನ ವರ್ಗದ ದಾಖಲೆಗಳನ್ನು ಮುರಿಯಿತು. 1914ರ ಟಿ.ಟಿ. ಪಂದ್ಯದಲ್ಲಿ ತನಗಿಂತ ದೊಡ್ಡ ಎಂಜಿನ್ನುಗಳ ನಡುವೆ ಓಡಿ ಆರನೆಯದಾಗಿ ಗುರಿ ಮುಟ್ಟಿತು. ಈ ಎಲ್ಲ ಜಯಗಳ ಗುಟ್ಟು ಪಿಸ್ಟನ್ನಿನೊಳಗಿದ್ದಿತು. ಅದನ್ನು ಅಣ್ಣತಮ್ಮಂದಿರು ಯಾರಿಗೂ ಬಿಟ್ಟುಕೊಡಲಿಲ್ಲ.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಪ್ರಾರಂಭವಾಯಿತು. ವಿಮಾನದ ಎಂಜಿನ್ನುಗಳಿಗೆ ಈ ಪಿಸ್ಟನ್ ವರದಾನವಾಗುವುದೆಂದು ಬೆಂಟ್ಲಿಯವರಿಗೆ ಹೊಳೆಯಿತು. ವ್ಯಾಪಾರದ ಗುಟ್ಟನ್ನು ಬಚ್ಚಿಟ್ಟುಕೊಂಡಿದ್ದರೆ ಅವರನ್ನು ದೂರುವವರು ಯಾರೂ ಇರಲಿಲ್ಲ. ಆದರೆ ಅವರು ನೌಕಾಪಡೆಯ ಅಧಿಕಾರಿಗಳನ್ನು ಕಂಡು ಅದನ್ನು ಸಂಪೂರ್ಣವಾಗಿ ಒಪ್ಪಿಸಿದರು. ನೌಕಾಪಡೆಯ ವಿಮಾನದಳದಲ್ಲಿ ಹುದ್ದೆ ಪಡೆದು ರೋಲ್ಸ್ ರಾಯ್ಸ್, ಸನ್‌ಬೀಮ್ ಮುಂತಾದ ಕಾರ್ಖಾನೆಗಳಿಗೆ ಹೋಗಿ, ನಾಳೆ ತಮಗೆ ಪ್ರತಿಸ್ಪರ್ಧಿಗಳಾಗಬಹುದಾದ ಶಿಲ್ಪಿಗಳಿಗೆ ತಾವೇ ವಿವರಿಸಿ ಹೇಳಿದರು. ರೋಲ್ಸ್ ರಾಯ್ಸ್ ಕಂಪನಿಯ ಪ್ರಸಿದ್ಧ ಈಗಲ್ ಎಂಜಿನ್ನಿನಲ್ಲಿ ಅಲ್ಯೂಮಿನಿಯಂ ಪಿಸ್ಟನ್ನುಗಳು ಬಳಕೆಗೆ ಬಂದವು. ಮುಂದೆ ಬೆಂಟ್ಲಿಯವರು ಬಿ.ಆರ್.1, ಬಿ.ಆರ್.2 ಎಂಬ ಎರಡು ವಿಮಾನದ ಎಂಜಿನ್ನುಗಳನ್ನು ಸ್ವತಃ ರಚಿಸಿದರು. ಮೊದಲನೆಯದು ಸಾಪ್‌ವಿತ್ ಕ್ಯಾಮೆಲ್ ವಿಮಾನಗಳಲ್ಲಿಯೂ, ಎರಡನೆಯದು ಸಾಪ್‌ವಿತ್ ಸ್ನೈಪ್ ವಿಮಾನಗಳಲ್ಲಿಯೂ ಹಾರಿದವು. ಯುದ್ಧಾನಂತರ ಸರಕಾರವು ಅವರಿಗೆ ಎಂ.ಬಿ.ಇ. ಪದವಿಯನ್ನೂ 8,000 ಪೌಂಡುಗಳನ್ನೂ ಇತ್ತು ಗೌರವಿಸಿತು. ಪಂದ್ಯದ ಮೈದಾನದಲ್ಲಿ ದೊರೆತ ತಿಳಿವಳಿಕೆಯೊಂದು ಹೀಗೆ ದೇಶದ ಸೇವೆಗೆ ಸಂದಿತು. ನಮ್ಮ ಶರಣರು ದುಡಿಮೆಯನ್ನು ಕಾಯಕವೆಂದೂ, ಅದರ ಫಲವನ್ನು ಹಂಚುವುದನ್ನು ದಾಸೋಹವೆಂದೂ ಕರೆದರು. ಆ ಮಾತುಗಳನ್ನು ಕೇಳಿಯೂ ಅರಿಯದ ದೂರದೇಶದ ಈ ಶಿಲ್ಪಿಯ ನಡತೆಯಲ್ಲಿ ಅವುಗಳ ಅರ್ಥವು ಎದ್ದು ಕಾಣುತ್ತದೆ.

ಮೂರು ಲೀಟರಿನ ಕಾರು

1919ರಲ್ಲಿ ಬೆಂಟ್ಲಿ ಮೋಟಾರ್ಸ್ ಕಂಪನಿ ಹುಟ್ಟಿತು. ಅದೇ ವರ್ಷ ಇನ್‌ಫ್ಲುಯೆಂಜ ಪಿಡುಗಿಗೆ ಬೆಂಟ್ಲಿಯವರ ಪತ್ನಿ ಲಿಯೊನಿಯವರು ಬಲಿಯಾದರು. ಆ ದುಃಖವನ್ನು ನುಂಗಿಕೊಂಡು ಅವರು ಫ್ರಾಂಕ್ ಬರ್ಜೆಸ್ ಮತ್ತು ಹ್ಯಾರಿ ವಾರ್ಲಿ ಎಂಬ ಸಹೋದ್ಯೋಗಿಗಳೊಡನೆ ಹೊಸ ಕಾರಿನ ನಕ್ಷೆಯಲ್ಲಿ ಮುಳುಗಿದರು. ಆ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ಬೇಕರ್ ಬೀದಿಯ ಬಳಿಯ ಒಂದು ಸಣ್ಣ ಕಟ್ಟಡದಲ್ಲಿ ಮೊದಲನೆಯ ಎಂಜಿನ್ ಜೀವ ತಳೆಯಿತು. ಮೊದಲನೆಯ ಗ್ರಾಹಕನ ಕೈಗೆ ಕಾರು ಸೇರಿದ್ದು 1921ರಲ್ಲಿ.

ಈ ಎಂಜಿನ್ನಿನ ನಾಲ್ಕು ಸಿಲಿಂಡರುಗಳ ವ್ಯಾಸ 80 ಮಿಲಿಮೀಟರ್, ಪಿಸ್ಟನ್ನಿನ ಚಲನೆ 149 ಮಿಲಿಮೀಟರ್. ಪ್ರತಿ ಸಿಲಿಂಡರಿಗೂ ನಾಲ್ಕು ಕವಾಟಗಳು, ಎರಡು ಸ್ಪಾರ್ಕ್ ಪ್ಲಗ್ಗುಗಳು. ಕವಾಟಗಳನ್ನು ನಡೆಸುವ ಕ್ಯಾಮ್‌ಷಾಫ್ಟ್ ನೆತ್ತಿಯ ಮೇಲೆಯೇ ಇದ್ದಿತು. ಸಿಲಿಂಡರುಗಳನ್ನೂ ಅವುಗಳ ತಲೆಯನ್ನೂ ಒಂದೇ ಎರಕದಲ್ಲಿ ಹೊಯ್ದಿದ್ದರಿಂದ ನಡುವಿನ ಕೂಡುಪಟ್ಟಿ ಸುಟ್ಟುಹೋಗುವ ಭಯವಿರಲಿಲ್ಲ. ಈ ಲಕ್ಷಣಗಳಲ್ಲಿ ಬಹುಪಾಲು ಅಂದಿನವರೆಗೆ ಗ್ರಾಂಡ್ ಪ್ರಿ ಪಂದ್ಯದ ಯಂತ್ರಗಳಿಗೆ ಮೀಸಲಾಗಿದ್ದವು. 1912ರ ಪ್ಯೂಜೊ, 1914ರ ಮರ್ಸಿಡಿಸ್ ಕಾರುಗಳಲ್ಲಿ ಅವುಗಳನ್ನು ಕಾಣಬಹುದಾಗಿದ್ದಿತು. ಬೆಂಟ್ಲಿಯವರು ಅವುಗಳನ್ನು ಗ್ರಾಹಕನ ಕಾರಿಗೆ ತಂದರು. ಆದರೆ ಒತ್ತಡವನ್ನೂ ವೇಗವನ್ನೂ ಹಿತಮಿತವಾಗಿಟ್ಟು, ಭಾಗಗಳನ್ನು ದಪ್ಪವಾಗಿ ಗಟ್ಟಿಯಾಗಿ ಮಾಡಿದರು. ಕಾರಿನ ಚಾಸಿಗೆ ಐದು ವರ್ಷಗಳ ಭರವಸೆಯನ್ನೂ ಕೊಟ್ಟರು. ಪಂದ್ಯಕ್ಕೆ ಹೋಗುವ ಕಾರು ಬೇರೆ ಜಾತಿಯದಲ್ಲ. ಅದೇ ಎಂಜಿನ್ನಿಗೆ ಒತ್ತಡವನ್ನು ತುಸು ಹೆಚ್ಚಿಸಿ, ಭಾಗಗಳನ್ನು ಆರಿಸಿ ತೂಗಿ ಜೋಡಿಸಿ ಕಳಿಸುತ್ತಿದ್ದರು, ಅಷ್ಟೆ.

ಈ ನಂಬಿಕೆಗೆ ಪರೀಕ್ಷೆಯೂ ಬೇಗನೆ ಬಂದಿತು. 1922ರಲ್ಲಿ ಅಮೆರಿಕೆಯ ಇಂಡಿಯಾನಾಪೊಲಿಸ್ಸಿನಲ್ಲಿ ನಡೆದ 500 ಮೈಲಿಯ ಪಂದ್ಯದಲ್ಲಿ, ಕೇವಲ ಓಟಕ್ಕೆಂದೇ ಹುಟ್ಟಿದ ಯಂತ್ರಗಳ ನಡುವೆ, ಡಗ್ಲಸ್ ಹಾಕ್ಸ್ ನಡೆಸಿದ ಬೆಂಟ್ಲಿ ಹದಿಮೂರನೆಯ ಸ್ಥಾನ ಪಡೆಯಿತು. ಅದೇ ವರ್ಷದ ಟಿ.ಟಿ. ಪಂದ್ಯದಲ್ಲಿ ಎಂಟು ಸಿಲಿಂಡರುಗಳ ಅಪ್ಪಟ ಓಟದ ಯಂತ್ರವಾದ ಸನ್‌ಬೀಮ್ ಗೆದ್ದಿತು. ಆದರೆ ಎರಡು, ನಾಲ್ಕು, ಐದನೆಯ ಸ್ಥಾನಗಳು ಬೆಂಟ್ಲಿ ಕಾರುಗಳಿಗೆ ದೊರೆತು, ತಂಡದ ಬಹುಮಾನವೂ ಅವುಗಳದಾಯಿತು. ನಾಲ್ಕನೆಯ ಸ್ಥಾನ ಪಡೆದ ಕಾರನ್ನು ಬೆಂಟ್ಲಿಯವರೇ ನಡೆಸಿದ್ದರು.

ಲೆ ಮಾನ್ ಪಂದ್ಯಗಳು

1923ರಲ್ಲಿ ಫ್ರಾನ್ಸಿನ ಲೆ ಮಾನ್ ಪಟ್ಟಣದಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವು ಪ್ರಾರಂಭವಾಯಿತು. ಜಾನ್ ಡಫ್ ಎಂಬ ಗ್ರಾಹಕರು ತಮ್ಮ ಸ್ವಂತ ಬೆಂಟ್ಲಿಯನ್ನು ಅದರಲ್ಲಿ ಓಡಿಸಲು ಮುಂದಾದಾಗ, ಯಾವ ಕಾರೂ ಇಷ್ಟು ಹೊತ್ತಿನ ಹಿಂಸೆಯನ್ನು ತಾಳಲಾರದೆಂದು ಬೆಂಟ್ಲಿಯವರು ಸಂಶಯಪಟ್ಟರು. ಆದರೂ ಕೊನೆಯ ಗಳಿಗೆಯಲ್ಲಿ ಅಲ್ಲಿಗೆ ಧಾವಿಸಿದರು. ರಾತ್ರಿಯ ಕತ್ತಲಲ್ಲಿ ಓಡುವ ಕಾರುಗಳನ್ನು ಕಂಡು, ತಾವು ಹುಡುಕುತ್ತಿದ್ದ ಪರೀಕ್ಷೆ ಇದೇ ಎಂದು ಅವರಿಗೆ ಮನವರಿಕೆಯಾಯಿತು. ಏಕೆಂದರೆ ಇದು ಪ್ರವಾಸಿ ಕಾರುಗಳ ಪಂದ್ಯ. ದಾರಿಯಲ್ಲಿ ಕೆಟ್ಟರೆ ಕಾರಿನಲ್ಲಿಯೇ ಒಯ್ದ ಉಪಕರಣಗಳಿಂದ ಚಾಲಕನೇ ಸರಿಪಡಿಸಿಕೊಳ್ಳಬೇಕು. ಆ ವರ್ಷ ರಸ್ತೆಯ ಕಲ್ಲೊಂದು ಸಿಡಿದು ಡಫ್ ಅವರ ಕಾರಿನ ಪೆಟ್ರೋಲ್ ತೊಟ್ಟಿಯನ್ನು ತೂತುಮಾಡಿತು. ಮುಂದಿನ ಚಕ್ರಗಳಿಗೆ ಬ್ರೇಕು ಇಲ್ಲದಿದ್ದುದೂ ತೊಡಕಾಯಿತು. 1924ರಲ್ಲಿ ಅದೇ ಡಫ್ ಮತ್ತು ಫ್ರಾಂಕ್ ಕ್ಲೆಮೆಂಟ್ ಅವರು ತೊಟ್ಟಿಗೆ ರಕ್ಷಣೆಯನ್ನೂ, ನಾಲ್ಕು ಚಕ್ರಗಳಿಗೂ ಬ್ರೇಕನ್ನೂ ಪಡೆದ ಕಾರಿನಲ್ಲಿ 2,077 ಕಿಲೋಮೀಟರ್ ಓಡಿ ಗೆದ್ದರು. ನಾಲ್ಕು ಚಕ್ರಗಳ ಬ್ರೇಕು ಗ್ರಾಹಕರ ಕಾರುಗಳಿಗೂ ಬಂದಿತು. ಪಂದ್ಯವು ಕಲಿಸಿದ ಪಾಠ ಗ್ರಾಹಕನಿಗೆ ದಕ್ಕಬೇಕೆಂಬ ತತ್ವದ ಅನುಷ್ಠಾನವಿದು.

1925 ಮತ್ತು 1926ರಲ್ಲಿ ಸೋಲು ಕಾದಿದ್ದಿತು. 1927ರಲ್ಲಿ ವೈಟ್ ಹೌಸ್ ಎಂಬ ತಿರುವಿನಲ್ಲಿ ರಾತ್ರಿ ಸಂಭವಿಸಿದ ಅಪಘಾತದಲ್ಲಿ ಮೂರು ಬೆಂಟ್ಲಿಗಳೂ ಸಿಲುಕಿದವು. ಮುಂದಿನ ಅಚ್ಚು ಬಾಗಿ, ದೀಪ ಒಡೆದ ಒಂದು ಕಾರನ್ನು ಮಾತ್ರ ಸ್ಯಾಮಿ ಡೇವಿಸ್ ಹೊರಗೆಳೆದು ತಂದರು. ಅವರೂ ವೈದ್ಯರಾದ ಬೆಂಜಾಫೀಲ್ಡ್ ಅವರೂ ಸರದಿಯಂತೆ ಓಡಿಸಿ ಆ ಗಾಯಗೊಂಡ ಕಾರಿನಿಂದಲೇ ಪಂದ್ಯ ಗೆದ್ದರು. 1928ರಲ್ಲಿ ನಾಲ್ಕೂವರೆ ಲೀಟರಿನ ಕಾರು ಚೌಕಟ್ಟು ಬಿರುಕುಬಿಟ್ಟು, ನೀರು ಸೋರಿಹೋದರೂ ಗುರಿ ಮುಟ್ಟಿ ಗೆದ್ದಿತು. 1929ರಲ್ಲಿ ಮೊದಲ ನಾಲ್ಕು ಸ್ಥಾನಗಳೂ ಬೆಂಟ್ಲಿಯವೇ. 1930ರಲ್ಲಿ ಆರು ಸಿಲಿಂಡರುಗಳ ಸ್ಪೀಡ್ ಸಿಕ್ಸ್ ಕಾರು 2,930 ಕಿಲೋಮೀಟರ್ ಓಡಿ ಜಯಗಳಿಸಿತು. ಗ್ರಾಹಕನಿಗೆ ಮಾರುತ್ತಿದ್ದ ಸ್ಪೀಡ್ ಸಿಕ್ಸ್ ಎಂಜಿನ್ನಿನ ಬಲ ಸುಮಾರು 180 ಅಶ್ವಶಕ್ತಿ. ಪಂದ್ಯದ್ದು ಸುಮಾರು 200. ಇಷ್ಟೇ ಅಂತರ! ಈ ಎಂಜಿನ್ನಿನ ಕ್ಯಾಮ್‌ಷಾಫ್ಟನ್ನು ತಿರುಗಿಸಲು ಬೆಂಟ್ಲಿಯವರು ಉಗಿಬಂಡಿಯ ಚಕ್ರಗಳನ್ನು ಕೂಡಿಸುವ ದಂಡಗಳಂತಹ ಮೂರು ದಂಡಗಳನ್ನು ಬಳಸಿದ್ದರು. ಡಾನ್‌ಕಾಸ್ಟರಿನ ಶಿಷ್ಯನು ತನ್ನ ಗುರುಮನೆಯನ್ನು ಮರೆತಿರಲಿಲ್ಲ.

ಬಲವಂತದ ಉಸಿರು

ಇದೇ ಕಾಲದಲ್ಲಿ ಅವರ ತತ್ವಕ್ಕೆ ವಿರುದ್ಧವಾದ ಪ್ರಯೋಗವೊಂದು ಅವರ ಮನೆಯೊಳಗೇ ನಡೆಯಿತು. ಕಂಪನಿಯ ಬಂಡವಾಳ ಮೊದಲಿನಿಂದಲೂ ಸಾಲದಾಗಿದ್ದು, 1926ರ ವೇಳೆಗೆ ಆಡಳಿತವು ವಜ್ರದ ವ್ಯಾಪಾರಿಯ ಮಗನಾದ ಶ್ರೀಮಂತ ವುಲ್ಫ್ ಬರ್ನಾಟೊ ಅವರ ಕೈ ಸೇರಿದ್ದಿತು. ಟಿಮ್ ಬರ್ಕಿನ್ ಎಂಬ ಸಾಹಸಿ ಚಾಲಕರು ನಾಲ್ಕೂವರೆ ಲೀಟರಿನ ಎಂಜಿನ್ನಿಗೆ ಸೂಪರ್‌ಚಾರ್ಜರ್, ಎಂದರೆ ಗಾಳಿಯನ್ನು ಬಲವಂತವಾಗಿ ತುಂಬುವ ತಿದಿಯಂತಹ ಸಾಧನವನ್ನು, ಜೋಡಿಸಬಯಸಿದರು. ಡೊರೊತಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆ ಹಣವಿತ್ತರು. ಆಮ್‌ಹರ್ಸ್ಟ್ ವಿಲಿಯರ್ಸ್ ಸಾಧನವನ್ನು ರಚಿಸಿದರು. ಶಕ್ತಿ ಬೇಕಾದರೆ ಎಂಜಿನ್ನನ್ನು ದೊಡ್ಡದು ಮಾಡಬೇಕೇ ಹೊರತು ಇದ್ದುದರ ಗಂಟಲಿಗೆ ಗಾಳಿ ತುರುಕಬಾರದೆಂಬುದು ಬೆಂಟ್ಲಿಯವರ ದೃಢವಾದ ಅಭಿಪ್ರಾಯ. ಆದರೆ ಬರ್ನಾಟೊ ಅವರು ಒಪ್ಪಿಗೆ ಕೊಟ್ಟರು. ಲೆ ಮಾನ್ ಪಂದ್ಯದ ನಿಯಮದಂತೆ ಇಂತಹ 50 ಕಾರುಗಳನ್ನು ಗ್ರಾಹಕರಿಗಾಗಿಯೂ ತಯಾರಿಸಬೇಕಾಯಿತು.

ಎರಡು ಎಂಜಿನ್ನುಗಳ ಅಂತರ ಇಲ್ಲಿ ಹಿರಿದಾಯಿತು. ಸಾಧಾರಣವಾದ ನಾಲ್ಕೂವರೆ ಲೀಟರಿನ ಎಂಜಿನ್ನಿಗೆ ಸುಮಾರು 110 ಅಶ್ವಶಕ್ತಿ. ಸೂಪರ್‌ಚಾರ್ಜರ್ ಉಳ್ಳ ಮಾರಾಟದ ಕಾರಿಗೆ ಸುಮಾರು 175. ಪಂದ್ಯದ ಕಾರಿಗೆ ಸುಮಾರು 240. ಈ ಹೊರೆಯನ್ನು ತಾಳಲು ಕ್ರಾಂಕ್‌ಷಾಫ್ಟ್ ಮೊದಲಾದ ಒಳಭಾಗಗಳನ್ನು ಹೆಚ್ಚು ಬಲವಾಗಿ ಹೊಸದಾಗಿ ಮಾಡಬೇಕಾಯಿತು. ಆ ಕಾರುಗಳ ಕೀರ್ತಿ ದೊಡ್ಡದು. 1930ರ ಫ್ರೆಂಚ್ ಗ್ರಾಂಡ್ ಪ್ರಿಯಲ್ಲಿ ಬರ್ಕಿನ್ ಅವರು ಹಗುರವಾದ ಬುಗಾಟಿಗಳ ನಡುವೆ ಎರಡನೆಯವರಾದರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಗಂಟೆಗೆ ಸುಮಾರು 222 ಕಿಲೋಮೀಟರ್ ವೇಗದ ದಾಖಲೆ ಸ್ಥಾಪಿಸಿದರು. ಆದರೆ 1930ರ ಲೆ ಮಾನ್ ಪಂದ್ಯದಲ್ಲಿ ಅವರ ಎರಡೂ ಕಾರುಗಳು ನಡುವೆಯೇ ನಿಂತುಹೋದವು. ಗೆದ್ದುದು ಬೆಂಟ್ಲಿಯವರ ತತ್ವದಂತೆ ರಚಿತವಾದ ಸ್ಪೀಡ್ ಸಿಕ್ಸ್. ವಿಧಿಯ ವಿನೋದವೆಂದರೆ, ಇಂದು ಬೆಂಟ್ಲಿ ಎಂದೊಡನೆ ಅನೇಕರು ನೆನೆಯುವುದು ಅವರು ಒಪ್ಪದಿದ್ದ ಆ ಕಾರನ್ನೇ.

ಹೆಸರಿನ ನಷ್ಟ

1929ರ ಆರ್ಥಿಕ ಕುಸಿತದ ತರುವಾಯ ಬೆಲೆಬಾಳುವ ಕಾರುಗಳನ್ನು ಕೊಳ್ಳುವವರು ವಿರಳರಾದರು. ಎಂಟು ಲೀಟರಿನ ಭವ್ಯವಾದ ಕಾರು 1930ರಲ್ಲಿ ಹೊರಬಂದರೂ ನೂರನ್ನು ಮಾತ್ರ ನಿರ್ಮಿಸಲು ಸಾಧ್ಯವಾಯಿತು. 1931ರ ಜುಲೈಯಲ್ಲಿ ಕಂಪನಿ ದಿವಾಳಿಯೆದ್ದಿತು. ನೇಪಿಯರ್ ಕಂಪನಿ ಅದನ್ನು ಕೊಳ್ಳುವುದೆಂದು ಎಲ್ಲರೂ ನಂಬಿದ್ದರು. ಆದರೆ ಅಪರಿಚಿತ ಸಂಸ್ಥೆಯೊಂದು ಹೆಚ್ಚಿನ ಬೆಲೆ ಕೂಗಿ ಕೊಂಡಿತು. ಅದರ ಹಿಂದೆ ಇದ್ದವರು ರೋಲ್ಸ್ ರಾಯ್ಸ್ ಎಂಬುದು ಆಮೇಲೆ ಬಯಲಾಯಿತು. ಯುದ್ಧಕಾಲದಲ್ಲಿ ಯಾರಿಗೆ ತಮ್ಮ ಪಿಸ್ಟನ್ನಿನ ಗುಟ್ಟನ್ನು ಕಲಿಸಿಕೊಟ್ಟಿದ್ದರೋ ಅವರ ಬಳಿಯಲ್ಲಿಯೇ ಬೆಂಟ್ಲಿಯವರು ನೌಕರರಾಗಬೇಕಾಯಿತು. ಕಂಪನಿಯೊಡನೆ ಅವರ ಹೆಸರೂ ಮಾರಾಟವಾಗಿದ್ದಿತು. ತಾವು ರಚಿಸಿದ ಕಾರಿಗೆ ತಮ್ಮ ಹೆಸರಿಡುವ ಹಕ್ಕು ಅವರಿಗೆ ಉಳಿಯಲಿಲ್ಲ.

ಆದರೂ ಅವರು ಕೈಕಟ್ಟಿ ಕೂಡಲಿಲ್ಲ. 1935ರಲ್ಲಿ ಲಗೊಂಡ ಕಂಪನಿಗೆ ಹೋಗಿ ಹನ್ನೆರಡು ಸಿಲಿಂಡರುಗಳ ಎಂಜಿನ್ನನ್ನು ರಚಿಸಿದರು. 1939ರ ಲೆ ಮಾನ್ ಪಂದ್ಯಕ್ಕೆ ಆ ಕಾರುಗಳು ಹೋದಾಗ ಸಿದ್ಧತೆಗೆ ದೊರೆತ ಕಾಲ ಬಹಳ ಕಡಿಮೆ. ಎರಡು ಕಾರ್ಬ್ಯುರೇಟರುಗಳ ಜಾಗದಲ್ಲಿ ನಾಲ್ಕನ್ನು ಕೂಡಿಸಿದರು. ಆತುರಪಡದೆ ಗೊತ್ತಾದ ವೇಗದಲ್ಲಿಯೇ ಓಡಿ ಗುರಿ ಮುಟ್ಟಬೇಕೆಂದು ಚಾಲಕರಿಗೆ ಕಟ್ಟುಮಾಡಿದರು. ಮೂರು ಮತ್ತು ನಾಲ್ಕನೆಯ ಸ್ಥಾನಗಳು ಅವುಗಳಿಗೆ ಲಭಿಸಿದವು. ಎರಡನೆಯ ಮಹಾಯುದ್ಧದ ಬಳಿಕ ಅವರ ಮಾರ್ಗದರ್ಶನದಲ್ಲಿ ಸಿದ್ಧವಾದ ಆರು ಸಿಲಿಂಡರುಗಳ ಎಂಜಿನ್, 1947ರಲ್ಲಿ ಡೇವಿಡ್ ಬ್ರೌನ್ ಅವರು ಲಗೊಂಡವನ್ನು ಕೊಂಡ ಮೇಲೆ, ಆಸ್ಟನ್ ಮಾರ್ಟಿನ್ ಡಿ.ಬಿ.2 ಕಾರನ್ನು ಸೇರಿ, ರಸ್ತೆಯಲ್ಲಿಯೂ ಪಂದ್ಯದಲ್ಲಿಯೂ ಹೆಸರು ಗಳಿಸಿತು.

ಅವರ ನಿಜವಾದ ಸಂಪತ್ತು ಅವರ ಶಿಷ್ಯರಲ್ಲಿ ಉಳಿಯಿತು. 1920ರಲ್ಲಿ ಹದಿನೈದರ ಹುಡುಗನಾಗಿ ಬೆಂಟ್ಲಿ ಕಾರ್ಖಾನೆಯ ಚಿಲ್ಲರೆ ಕೆಲಸಗಳಿಗೆ ಸೇರಿದ ವಾಲಿ ಹ್ಯಾಸನ್ ಪಂದ್ಯದ ಕಾರುಗಳ ಶಾಲೆಯಲ್ಲಿ ಪಳಗಿದರು. ಮುಂದೆ ಅವರು ಜಾಗ್ವಾರ್ ಮತ್ತು ಕವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಗಳ ಪ್ರಸಿದ್ಧ ಎಂಜಿನ್ನುಗಳ ರಚನೆಯಲ್ಲಿ ಪ್ರಮುಖರಾದರು. 1971ರ ಆಗಸ್ಟ್ 13ರಂದು ಬೆಂಟ್ಲಿಯವರು ತಮ್ಮ 82ನೆಯ ವಯಸ್ಸಿನಲ್ಲಿ ಕಾಲವಶರಾದರು. ಅವರ ಕಂಪನಿಯು ಹನ್ನೆರಡು ವರ್ಷಗಳಲ್ಲಿ ನಿರ್ಮಿಸಿದ ಕಾರುಗಳು ಮೂರು ಸಾವಿರಕ್ಕೆ ತುಸು ಹೆಚ್ಚು. ಅವುಗಳಲ್ಲಿ ಅನೇಕವು ಇಂದಿಗೂ ಓಡುತ್ತಿರುವುದು ಆ ಶಿಲ್ಪಿಗೆ ಸಂದ ಗೌರವವಾಗಿದೆ.

ಉಪಸಂಹಾರ

ನುಲಿಯ ಚಂದಯ್ಯನವರು ಹುಲ್ಲು ತಂದು ಹಗ್ಗ ಹೊಸೆದು ಬಾಳಿದ ಶರಣರು. ಹಗ್ಗದ ಗಟ್ಟಿತನವು ನೋಟದಿಂದ ತಿಳಿಯುವುದಲ್ಲ, ಎಳೆದಾಗ ತಿಳಿಯುವುದು. ಎಳೆದು ನೋಡುವುದಕ್ಕಾಗಿ ಒಂದು ಹಗ್ಗವನ್ನು ಬೇರೆಯಾಗಿ ಹೊಸೆದು, ಸಂತೆಯಲ್ಲಿ ಮತ್ತೊಂದನ್ನು ಮಾರಿದರೆ ಆ ಪರೀಕ್ಷೆಗೆ ಅರ್ಥವಿಲ್ಲ. ಬೆಂಟ್ಲಿಯವರು ಪಂದ್ಯವನ್ನು ಕಂಡದ್ದು ಈ ದೃಷ್ಟಿಯಿಂದಲೇ.

ನಮ್ಮ ವಿದ್ಯಾಲಯಗಳಿಗೂ ಈ ಜೀವನದಲ್ಲಿ ಒಂದು ಪಾಠವಿದೆ. ಪರೀಕ್ಷೆಯಲ್ಲಿ ಉನ್ನತ ಸ್ಥಾನ ಪಡೆಯಬಲ್ಲ ನಾಲ್ಕಾರು ವಿದ್ಯಾರ್ಥಿಗಳನ್ನು ಬೇರೆಯಾಗಿ ಕೂಡಿಸಿ, ಬೇರೆಯಾಗಿ ತಯಾರುಮಾಡಿ, ಅವರ ಭಾವಚಿತ್ರಗಳನ್ನು ಪ್ರಕಟಿಸುವುದು ಕಷ್ಟವಲ್ಲ. ಅದು ಓಟಕ್ಕೆಂದೇ ಸಾಕಿದ ಎತ್ತಿನ ಗೆಲುವು. ಆದರೆ ಮೊದಲ ಸಾಲಿನ ಹುಡುಗನಿಗೆ ಫಲಿಸಿದ ಬೋಧನಾಕ್ರಮವು ಕೊನೆಯ ಸಾಲಿನಲ್ಲಿ ಕುಳಿತ ಬಡ ರೈತನ ಮಗನಿಗೂ ದಕ್ಕುವಂತೆ ಮಾಡುವುದು ಶಿಕ್ಷಕರ ನಿಜವಾದ ಕಾಯಕ. ದಾನಿಗಳು ಕೊಟ್ಟ ಪ್ರತಿಯೊಂದು ರೂಪಾಯಿಯೂ, ಹಳೆಯ ವಿದ್ಯಾರ್ಥಿಗಳು ತೋರುವ ಪ್ರತಿಯೊಂದು ಅಭಿಮಾನವೂ ಆ ಕೊನೆಯ ಸಾಲನ್ನು ತಲುಪಿದಾಗಲೇ ಸಾರ್ಥಕ. ಕಾರಹುಣ್ಣಿಮೆಯಂದು ಕರಿ ಹರಿದ ಎತ್ತು ಮರುದಿನ ಹೊಲದಲ್ಲಿ ಗಳೆ ಹೊಡೆಯುವುದನ್ನು ಕಂಡಾಗ ರೈತನ ಮನಸ್ಸು ತುಂಬುವಂತೆ, ನಮ್ಮ ಮನಸ್ಸೂ ಅಂದು ತುಂಬುವುದು.